ಕಲ್ಪನೆಯ ನೌಕೆಗುಂಟು ನಕ್ಷೆ, ಕಾರ್ಖಾನೆಯ ಅಚ್ಚಿಗಿಲ್ಲ

ಎಂದೂ ಹಾರದ ಒಂದು ಹಡಗಿನ ಉದ್ದಗಲಗಳನ್ನು ಅರ್ಧ ಶತಮಾನಕ್ಕೂ ಮಿಕ್ಕು ಅಳೆಯುತ್ತಲೇ ಬಂದಿರುವ ಜನರಿದ್ದಾರೆ. 1966ರಲ್ಲಿ ಅಮೆರಿಕದ ಟೆಲಿವಿಷನ್‌ನಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ‘ಎಂಟರ್‌ಪ್ರೈಸ್’ ಎಂಬ ಅಂತರಿಕ್ಷ ನೌಕೆಯೇ ಅದು. ಅದನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯಾಗಿ, ಕಿಟಕಿ ಕಿಟಕಿಯನ್ನೂ ಲೆಕ್ಕ ಹಾಕಿ ಮರುಸೃಷ್ಟಿಸುವವರಲ್ಲಿ ವೃತ್ತಿಪರರೂ ಇದ್ದಾರೆ, ಹವ್ಯಾಸಿಗಳೂ ಇದ್ದಾರೆ. ಬಿಡುವಿದ್ದವರ ಆಟವೆಂದು ಇದನ್ನು ತಳ್ಳಿಹಾಕುವುದು ಸುಲಭ. (ಇದೇ ಮಾಲಿಕೆಯ ಮುಂದಿನ ಧಾರಾವಾಹಿಯೊಂದರ ನೌಕೆಯ ಚಿತ್ರೀಕರಣ ಮಾದರಿ 2006ರ ಕ್ರಿಸ್ಟೀಸ್ ಹರಾಜಿನಲ್ಲಿ 5,76,000 ಡಾಲರಿಗೆ ಹೋಯಿತೆಂಬುದು ಬೇರೆ ಮಾತು.) ಆದರೆ ಈ ಆಟದಲ್ಲಿರುವ ಶಿಸ್ತು ಹಳೆಯ ಅಚ್ಚು, ಡೈ, ಪ್ಯಾಟರ್ನ್‌ಗಳನ್ನೇ ಬಂಡವಾಳವಾಗಿ ಉಳ್ಳ ಎಷ್ಟು ಸಣ್ಣ ಕಾರ್ಖಾನೆಗಳಲ್ಲಿ ಇದೆ ಎಂಬುದು ವಿಚಾರಾರ್ಹ.

ಮ್ಯಾಟ್ ಜೆಫ್ರೀಸ್ ವಿನ್ಯಾಸಗೊಳಿಸಿದ ಈ ನೌಕೆಯ ದೊಡ್ಡ ಮಾದರಿ 1964ರಲ್ಲಿ ಸಿದ್ಧವಾಯಿತು. ಉದ್ದ ಸುಮಾರು 11 ಅಡಿ. ಮರ, ಪ್ಲಾಸ್ಟಿಕ್ ಮತ್ತು ಲೋಹದ ತಗಡು ಸಾಮಗ್ರಿ. ಕಥೆಯಲ್ಲಿ ನೌಕೆಯ ಉದ್ದ 947 ಅಡಿ ಎಂದಿರುವುದರಿಂದ ಪ್ರಮಾಣ ಸರಿಸುಮಾರು ಎಂಬತ್ತೈದಕ್ಕೆ ಒಂದು. ಚಿತ್ರೀಕರಣವೆಲ್ಲ ಬಲಭಾಗದಿಂದಲೇ ನಡೆದದ್ದರಿಂದ ಎಡಭಾಗಕ್ಕೆ ಪೂರ್ಣ ವಿವರಗಳನ್ನೇ ಕೊಡಲಿಲ್ಲ. ದೀಪಗಳ ತಂತಿಗಳು ಒಳಹೋಗುತ್ತಿದ್ದುದು ಆ ಕಡೆಯಿಂದ. ಖರ್ಚು ಬಲ್ಲವರು ಇದನ್ನು ದೋಷವೆನ್ನಲಾರರು. ಆದರೆ ಡಿಜಿಟಲ್ ಮಾದರಿಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದಾದ್ದರಿಂದ, ಇಲ್ಲದ ಆ ಎಡಭಾಗವನ್ನು ಈಗ ಯಾರಾದರೂ ನಿರ್ಧರಿಸಲೇಬೇಕು. ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯದ್ದು. ಹೊರಗಿನ ಮಾದರಿಯಲ್ಲಿ ಲಿಫ್ಟಿನ ಉಬ್ಬು ನಿಯಂತ್ರಣ ಕೊಠಡಿಯ ನೇರ ಹಿಂಬದಿಗಿದೆ. ಒಳಗಿನ ಸೆಟ್ಟಿನಲ್ಲಿ ಲಿಫ್ಟಿನ ಬಾಗಿಲು ನಾಯಕನ ಆಸನದ ಹಿಂದೆ ಎಡಕ್ಕಿದೆ. ಎರಡನ್ನೂ ಹೊಂದಿಸಬೇಕಾದರೆ ಇಡೀ ಕೊಠಡಿಯನ್ನು ಸುಮಾರು 36 ಡಿಗ್ರಿ ತಿರುಗಿಸಬೇಕು, ಆಗ ನಾಯಕ ನೌಕೆ ಸಾಗುವ ದಿಕ್ಕಿಗೆ ಓರೆಯಾಗಿ ಕೂರುತ್ತಾನೆ! ಕಾಗದದ ಮೇಲೆ ಮುಚ್ಚಿಹೋಗುವ ಇಂತಹ ವಿರೋಧಗಳನ್ನು ಮೂರು ಆಯಾಮದ ಮಾದರಿ ನಿರ್ದಾಕ್ಷಿಣ್ಯವಾಗಿ ಹೊರಗೆಡಹುತ್ತದೆ.

ಯಾವುದನ್ನು ಮೂಲವೆಂದು ಹಿಡಿಯಬೇಕು ಎಂಬ ಪ್ರಶ್ನೆಯೂ ಇದೆ. 1974ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ಈ ಮಾದರಿ ಅನಂತರ ಹಲವು ಬಾರಿ ದುರಸ್ತಿಗೊಂಡು ಬಣ್ಣ ಬಳಿಸಿಕೊಂಡಿತು. ಹಳೆಯ ಬಣ್ಣ ಉಳಿದದ್ದು ಮುಂಭಾಗದ ತಟ್ಟೆಯ ಮೇಲ್ಮೈಯಲ್ಲಿ ಮಾತ್ರ. ಕೊನೆಯ ಜೀರ್ಣೋದ್ಧಾರದ ವೇಳೆ ತಜ್ಞರು ಮಾದರಿಯ ಎಕ್ಸ್‌ರೇ ತೆಗೆದರು. ಹಳೆಯ ಛಾಯಾಚಿತ್ರಗಳಿದ್ದರೆ ಕೊಡಿರೆಂದು ಸಾರ್ವಜನಿಕರನ್ನು ಕೇಳಿದರು. ಇಷ್ಟೆಲ್ಲ ಆದ ಮೇಲೆ 2016ರಲ್ಲಿ ಅದು ಮತ್ತೆ ಪ್ರದರ್ಶನಕ್ಕೆ ಬಂದಿತು. ಕೈಗಾರಿಕಾ ವಸಾಹತುಗಳಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಸವೆದ ಬಿಡಿಭಾಗವೊಂದನ್ನು ತಂದು ಸ್ಕ್ಯಾನ್ ಮಾಡಿಸಿ, ಬಂದ ಅಳತೆಯನ್ನೇ ನಕ್ಷೆಯೆಂದು ನಂಬಲಾಗುತ್ತದೆ. ಸ್ಕ್ಯಾನರ್ ಸವಕಳಿಯನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ. ಎರಕದ ಲೋಹ ತಣಿದು ಕುಗ್ಗುವುದನ್ನು ಲೆಕ್ಕಹಾಕಿ ಪ್ಯಾಟರ್ನನ್ನು ತುಸು ದೊಡ್ಡದಾಗಿಯೇ ಮಾಡಿರುತ್ತಾರೆ. ಯಾವ ಅಳತೆ ಪ್ಯಾಟರ್ನಿನದು, ಯಾವುದು ಎರಕದ್ದು ಎಂಬುದನ್ನು ಬರೆದಿಡದಿದ್ದರೆ, ಹಿರಿಯ ಪ್ಯಾಟರ್ನ್ ಕೆಲಸಗಾರ ನಿವೃತ್ತನಾದ ದಿನವೇ ಆ ಜ್ಞಾನವೂ ಮನೆಗೆ ಹೋಗುತ್ತದೆ.

ಕಂಪ್ಯೂಟರಿನಲ್ಲಿ ಇಟ್ಟ ಮಾತ್ರಕ್ಕೆ ಎಲ್ಲವೂ ಭದ್ರವೆಂಬ ಭ್ರಮೆಯೂ ಬೇಡ. 1979ರ ಸ್ಟಾರ್ ಟ್ರೆಕ್ ಚಲನಚಿತ್ರದ ನಿರ್ದೇಶಕರ ಆವೃತ್ತಿಗಾಗಿ 2001ರಲ್ಲಿ ತಯಾರಿಸಿದ ಡಿಜಿಟಲ್ ದೃಶ್ಯಗಳು ಅಂದಿನ ಡಿವಿಡಿಗೆ ಸಾಲುವಷ್ಟೇ ಸ್ಪಷ್ಟತೆ ಹೊಂದಿದ್ದವು. ಕೆಲಸ ಮಾಡಿದ ಫೌಂಡೇಶನ್ ಇಮೇಜಿಂಗ್ ಮರುವರ್ಷವೇ ಬಾಗಿಲು ಮುಚ್ಚಿತು. 2022ರಲ್ಲಿ ಉನ್ನತ ಸ್ಪಷ್ಟತೆಯ ಆವೃತ್ತಿ ಹೊರತರುವಾಗ ಆ ದೃಶ್ಯಗಳನ್ನು ಮತ್ತೆ ನಿರ್ಮಿಸಬೇಕಾಯಿತು. ಆದುದರಿಂದ ವಿನ್ಯಾಸವನ್ನು ಒಂದೇ ತಂತ್ರಾಂಶಕ್ಕೆ ಕಟ್ಟಿಹಾಕದೆ ‘ಸ್ಟೆಪ್’ನಂತಹ ಸರ್ವಮಾನ್ಯ ರೂಪದಲ್ಲೂ, ಅಳತೆ ನಮೂದಿಸಿದ ಕಾಗದದ ಪ್ರತಿಯಲ್ಲೂ ಇಡುವುದು ಒಳಿತು.

ಒಡೆತನದ ವಿಷಯದಲ್ಲಂತೂ ಸಣ್ಣ ಉದ್ಯಮಿಗಳ ಉದಾಸೀನ ಅಕ್ಷಮ್ಯವೇ ಸರಿ. ಎಂಟರ್‌ಪ್ರೈಸ್‌ನ ಹಕ್ಕು ಪ್ಯಾರಾಮೌಂಟ್ ಸಂಸ್ಥೆಯದು. ಹವ್ಯಾಸಿ ತಾನೇ ಕೂತು ರಚಿಸಿದ ಮಾದರಿಯಾದರೂ ಪರವಾನಗಿಯಿಲ್ಲದೆ ಮಾರುವಂತಿಲ್ಲ. ಇಲ್ಲಿಯಾದರೋ ಸ್ವಂತ ಉತ್ಪನ್ನದ ಕಡತವೇ ಜಾಬ್ ವರ್ಕ್ ಮಾಡಿಕೊಟ್ಟವನ ಕಂಪ್ಯೂಟರಿನಲ್ಲಿ ಉಳಿದುಬಿಡುತ್ತದೆ, ಹಣ ಕೊಟ್ಟವನ ಕೈಗೆ ಬರುವುದು ಬಿಲ್ಲು ಮಾತ್ರ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆಯುಂಟು. ಈ ರಕ್ಷಣೆ ವಸ್ತುವಿನ ನೋಟಕ್ಕೆ ಮಾತ್ರ, ಯಾಂತ್ರಿಕ ಕಾರ್ಯಕ್ಕಲ್ಲ. ಅರ್ಜಿಯನ್ನೂ ಸರಕು ಮಾರುಕಟ್ಟೆಗೆ ಬರುವ ಮುನ್ನವೇ ಸಲ್ಲಿಸಬೇಕು. ಹೀಗೆ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆಂದು 1957ರ ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮು ಹೇಳುತ್ತದೆ. ಸಾಧಾರಣ ಕಾರ್ಖಾನೆಯೊಂದು 50 ನಗಗಳನ್ನು ಒಂದು ಪಾಳಿಯಲ್ಲಿ ಮುಗಿಸಿಬಿಡುತ್ತದೆ.