ಅಣ್ಣನ ದಾವೆ ನ್ಯಾಯ, ತಂಗಿಯ ಪ್ರತಿದಾವೆ ದ್ರೋಹವೇ?



ಪರರ ಮನೆಯ ದೋಷ ಹೇಳುವುದು ಸುಲಭ. ಆದ್ದರಿಂದ ಅಜ್ಜೀಪುರದ ನಮ್ಮ ಮನೆಯಿಂದಲೇ ಆರಂಭಿಸುತ್ತೇನೆ. ತಂದೆಯವರು ಲಿಂಗೈಕ್ಯರಾದ ಮೇಲೆ ಪಿತ್ರಾರ್ಜಿತ ಜಮೀನಿಗೆ ನಾನು ಮತ್ತು ನನ್ನ ತಮ್ಮ ಪೌತಿ ಖಾತೆ ಮಾಡಿಸಿಕೊಂಡೆವು. ತಂಗಿಯನ್ನು ಕೇಳಲೇ ಇಲ್ಲ. ಅರ್ಜಿಗೆ ಮೊದಲು ಸಹಿ ಹಾಕಿದವನು ನಾನೇ. ಆಗ ನಾನು ಸರ್ಕಾರಿ ಎಂಜಿನಿಯರ್, ಓದು ಬಾರದವನಲ್ಲ. ವರ್ಷಗಳ ನಂತರ ಅವಳು ಪಾಲು ಕೇಳಿದಳು. ತಮ್ಮ, ಅವಳು ಜಮೀನಿಗೆ ಕಾಲಿಡದಂತೆ ಶಾಶ್ವತ ನಿರ್ಬಂಧಕಾಜ್ಞೆ ಕೋರಿ ದಾವೆ ಹೂಡಿದ.

ಊರಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ತಂಗಿ ಮೊದಲು ತಕರಾರು ಮಾತ್ರ ಸಲ್ಲಿಸಿದಳು. ಆಮೇಲೆ, ತಕರಾರಿನಿಂದ ದಾವೆ ವಜಾ ಆಗಬಹುದೇ ಹೊರತು ಪಾಲು ಕೈಗೆ ಬಾರದು ಎಂದು ತಿಳಿದು, ವಿಭಾಗಕ್ಕಾಗಿ ಪ್ರತಿದಾವೆ ಸಲ್ಲಿಸಲು ನ್ಯಾಯಾಲಯದ ಅನುಮತಿ ಕೋರಿದಳು. ಆಗ ನೆಂಟರೆಲ್ಲ ಎಚ್ಚೆತ್ತರು! "ತವರಿನ ಮೇಲೇ ಕೇಸ್ ಹಾಕ್ತಾಳಂತೆ, ನೀನಾದ್ರೂ ಬುದ್ಧಿ ಹೇಳಣ್ಣಯ್ಯ" ಎಂದರು. ಹೋಗಿ ಹೇಳಿದೆ. "ಮೊದಲು ಕೇಸ್ ಹಾಕಿದ್ದು ಯಾರಣ್ಣ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನು ಏನು ಹೇಳುತ್ತದೆ? 1976ರ ತಿದ್ದುಪಡಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶಕ್ಕೆ 6ಎ ನಿಯಮ ಸೇರಿತು. ಪ್ರತಿವಾದಿ ಅದೇ ದಾವೆಯಲ್ಲಿ ವಾದಿಯ ವಿರುದ್ಧ ತನ್ನ ಹಕ್ಕನ್ನು ಸಾಧಿಸಬಹುದು. ಅದಕ್ಕೂ ಕೋರ್ಟ್ ಫೀ ಕಟ್ಟಬೇಕು. ಅದಕ್ಕೆ ದಾವೆಯಷ್ಟೇ ಬೆಲೆ. ವಾದಿ ತನ್ನ ದಾವೆಯನ್ನು ಹಿಂದಕ್ಕೆ ಪಡೆದರೂ ಪ್ರತಿದಾವೆ ಉಳಿಯುತ್ತದೆ. ತಕರಾರು ಸಲ್ಲಿಸಿದ ಮೇಲೂ ಅನುಮತಿ ನೀಡುವ ವಿವೇಚನೆ ನ್ಯಾಯಾಲಯಕ್ಕಿದೆ, ಆದರೆ ವಿವಾದಾಂಶಗಳು ರಚನೆಯಾದ ಮೇಲೆ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹೀಗಿರುವಾಗ "ಸ್ವಲ್ಪ ತಾಳಮ್ಮ, ಕೂತು ಮಾತಾಡೋಣ" ಎನ್ನುವ ಹಿರಿಯರು ಏನು ಮಾಡುತ್ತಿದ್ದಾರೆ? ಬಾಗಿಲು ಮುಚ್ಚುವವರೆಗೆ ಅವಳನ್ನು ಹೊರಗೆ ಕೂರಿಸುತ್ತಿದ್ದಾರೆ.

"ನಮಗೆ ಆ ಕಾನೂನು ಸಲ್ಲದು" ಎನ್ನುವವರಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಹೇಳುತ್ತದೆ. ಧರ್ಮ ಪ್ರತ್ಯೇಕವೋ ಅಲ್ಲವೋ ಎಂಬ ಚರ್ಚೆ ಬೇರೆ. ಆಸ್ತಿಗೆ ಇಂದು ಇರುವ ಕಾನೂನು ಇದೇ. ಕರ್ನಾಟಕ 1994ರಲ್ಲಿಯೇ ಮಗಳನ್ನು ಸಹಭಾಗಿಯನ್ನಾಗಿ ಮಾಡಿತು, ಆದರೆ ಅದಕ್ಕೆ ಮೊದಲು ಮದುವೆಯಾದವಳನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಪಹಣಿಯಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇದ್ದರೆ ಹೆಣ್ಣುಮಗಳ ಹಕ್ಕು ಅಳಿಯುವುದಿಲ್ಲ.

"ಮದುವೆಗೆ ಖರ್ಚು ಮಾಡಲಿಲ್ಲವೇ, ಒಡವೆ ಕೊಡಲಿಲ್ಲವೇ?" ಎನ್ನುತ್ತೇವೆ. ಗಂಡುಮಕ್ಕಳನ್ನು ಓದಿಸಿದ ಖರ್ಚನ್ನು ಅವರ ಪಾಲಿನಲ್ಲಿ ಯಾರಾದರೂ ಕಳೆದಿದ್ದಾರೆಯೇ? ನನ್ನ ಎಂಜಿನಿಯರಿಂಗ್ ಓದಿಗೆ ಹೋದ ಹಣ ಅದೇ ಹೊಲದ್ದು.

ಹೆಣ್ಣಿನ ಕೊರಳಿಗೂ ಇಷ್ಟಲಿಂಗ ಕಟ್ಟಿದ ಧರ್ಮ ನಮ್ಮದು. ಅಕ್ಕಮಹಾದೇವಿ ಅನುಭವ ಮಂಟಪದಲ್ಲಿ ಸರಿಸಮನಾಗಿ ನಿಂತು ಉತ್ತರ ಕೊಟ್ಟಳೆಂದು ಬಸವ ಜಯಂತಿಯ ವೇದಿಕೆಗಳಲ್ಲಿ ಭಾಷಣ ಬಿಗಿಯುತ್ತೇವೆ. ಮನೆಯ ಅಕ್ಕ ಕೋರ್ಟಿನಲ್ಲಿ ಉತ್ತರ ಕೊಟ್ಟರೆ ಬಾಗಿನ ನಿಲ್ಲಿಸುತ್ತೇವೆ. ಇದು ಯಾವ ಬಸವತತ್ತ್ವ?

ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ರಾಜಿಗೆಂದು ಮಠಕ್ಕೆ ಬಂದ ಕುಟುಂಬದಲ್ಲಿ ಹೆಣ್ಣುಮಗಳಿಗೆ "ಹಕ್ಕು ಬಿಟ್ಟುಕೊಡು ತಾಯಿ" ಎಂದು ಅಪ್ಪಣೆ ಕೊಡಿಸಬೇಡಿ. ಮೊದಲು ಅವಳ ಪಾಲು ಎಷ್ಟೆಂದು ಎಲ್ಲರೆದುರು ಹೇಳಿಸಿ. ತಿಳಿದೂ ಅವಳೇ ಬಿಟ್ಟರೆ ಅದು ಅವಳ ಇಷ್ಟ. ತಿಳಿಯದೆ ಬಿಟ್ಟರೆ ಅದು ನಮ್ಮ ಕಳ್ಳತನ.

ಸರ್ವೆಯಲ್ಲಿ ಮೊದಲ ಕಲ್ಲು ತಪ್ಪಾಗಿ ನೆಟ್ಟರೆ ಮುಂದಿನ ಅಳತೆಯೆಲ್ಲ ತಪ್ಪು. ನಮ್ಮ ಮನೆಯಲ್ಲಿ ಆ ಕಲ್ಲು ನೆಟ್ಟವನು ನಾನು. ತಂಗಿಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಅನುಮತಿ ದೊರೆತು ವಿಭಾಗದ ಪ್ರಶ್ನೆ ಬಂದರೆ ನಾನೂ ಅದರಲ್ಲಿ ಪಕ್ಷಗಾರನಾಗಬೇಕು. ಅಂದು ಅವಳಿಗೂ ನನಗೂ ತಮ್ಮನಿಗೂ ಸಮಪಾಲು ಎಂದೇ ಬರೆದುಕೊಡುತ್ತೇನೆ. ತಮ್ಮ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬಿಡಲಿ, ಕಾಯುತ್ತೇನೆ.