ಶುಲ್ಕ ಕಟ್ಟುವ ಮುನ್ನ ಒಮ್ಮೆ ಒಳಗೆ ಹೋಗಿ ಬನ್ನಿ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಕೆಲವು ಮನೆಗಳಲ್ಲಿ ಒಂದು ಮಾತು ಅಳುಕುತ್ತಲೇ ಹೊರಬೀಳುತ್ತದೆ: ‘ನಾನು ಚಿತ್ರಕಲೆ ಓದುತ್ತೇನೆ’, ‘ನನಗೆ ನಾಟಕ ಬೇಕು’. ಕೇಳಿದ ಕೂಡಲೇ ಬೇಡ ಎನ್ನುವ ತಂದೆ-ತಾಯಿ ಈಗ ಕಡಿಮೆ ಎಂದೇ ನನ್ನ ನಂಬಿಕೆ. ಆದರೆ ಯಾವ ಕಾಲೇಜು ಎಂದಾಗ ಕೈಗೆ ಸಿಗುವುದು ಬಣ್ಣದ ಕರಪತ್ರ. ಅದರಲ್ಲಿ ಕಟ್ಟಡ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಓದಲು ಜಾಗಗಳಿಗೆ ಬರವಿಲ್ಲ. ಮೈಸೂರಿನಲ್ಲಿ ದೃಶ್ಯಕಲೆ ಕಲಿಸುವ ಕಾವಾ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ, ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ. ಸಂಗೀತ, ನೃತ್ಯ, ನಾಟಕಕ್ಕೆ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವಿದೆ. ಎಲ್ಲಿಗೇ ಸೇರುವುದಾದರೂ ನನ್ನ ವಿನಂತಿ ಒಂದೇ. ತರಗತಿ ನಡೆಯುವ ಸಾಮಾನ್ಯ ದಿನವೊಂದರಲ್ಲಿ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಿ, ಒಳಗೆಲ್ಲ ಸುತ್ತಾಡಿ ಬನ್ನಿ.

ದೃಶ್ಯಕಲೆಯ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಮೊದಲು ಎಲ್ಲರಿಗೂ ಬುನಾದಿ ಪಾಠ, ಆಮೇಲೆ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ ಎಂಬ ಕವಲುಗಳು. ಚಿತ್ರ ಬರೆಯಲೆಂದು ಸೇರಿದ ಮಗು ಜೇಡಿಮಣ್ಣು ಮುಟ್ಟಿದ ಮೇಲೆ ಮನಸ್ಸು ಬದಲಿಸಬಹುದು. ಆದ್ದರಿಂದ ಎಲ್ಲ ವಿಭಾಗಗಳನ್ನೂ ನೋಡಿ. ಗ್ರಾಫಿಕ್ಸ್ ವಿಭಾಗದ ಅಚ್ಚುಯಂತ್ರದ ಸುತ್ತ ಶಾಯಿಯ ಕಲೆಗಳಿವೆಯೇ, ದೂಳು ಕೂತಿದೆಯೇ? ಸಂಜೆ ಸ್ಟುಡಿಯೊಗೆ ಎಷ್ಟು ಹೊತ್ತಿಗೆ ಬೀಗ ಬೀಳುತ್ತದೆ? ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ, ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಬಣ್ಣ, ಕ್ಯಾನ್ವಾಸಿಗೆ ತಿಂಗಳಿಗೆ ಎಷ್ಟು ತಗಲುತ್ತದೆ ಎಂದೂ ವಿಚಾರಿಸಿ. ಶುಲ್ಕ ಕಡಿಮೆಯಿದ್ದಲ್ಲೂ ಈ ಖರ್ಚು ತಪ್ಪುವುದಿಲ್ಲ.

ನೃತ್ಯದ ತರಗತಿಯಾದರೆ ಬಾಗಿಲಲ್ಲಿ ನಿಂತು ಕಿವಿಗೊಡಿ. ಮೃದಂಗ ನುಡಿಸುವವರು ಇದ್ದಾರೆಯೇ, ರೆಕಾರ್ಡ್ ಹಾಕಿ ಮುಗಿಸುತ್ತಾರೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ನಾಟಕವಾದರೆ ವರ್ಷಕ್ಕೆ ಎಷ್ಟು ಪ್ರಯೋಗ, ರಂಗ ಹತ್ತುವ ಅವಕಾಶ ಎಲ್ಲರಿಗೂ ಸಿಗುತ್ತದೆಯೇ ಎಂದು ಕೇಳಿ.

ಇನ್ನೊಂದು ವಿಷಯದಲ್ಲಿ ಗೊಂದಲ ಬೇಡ. ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರ ಕನ್ನಡ ರಂಗಭೂಮಿಗೆ ಕೊಟ್ಟ ನಟರು, ನಿರ್ದೇಶಕರು ಬಹಳ ಜನ. ಆದರೆ ಅಲ್ಲಿಯದು ಒಂದು ವರ್ಷದ ಡಿಪ್ಲೊಮಾ. ಮುಂದೆ ಕಾಲೇಜು ಅಧ್ಯಾಪಕರಾಗುವ ಆಸೆಯಿದ್ದರೆ ಪದವಿ, ಸ್ನಾತಕೋತ್ತರ ಪದವಿ ಬೇಕು. ಎರಡನ್ನೂ ಬಯಸುವವರು ಪದವಿ ಮುಗಿಸಿ ಹೆಗ್ಗೋಡಿಗೆ ಹೋಗಬಹುದು. ನನ್ನನ್ನು ಕೇಳಿದರೆ ಅದು ಒಳ್ಳೆಯ ದಾರಿ. ಹಾಗೆಯೇ, ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಈ ವರ್ಷದ ಮಾನ್ಯತೆ ಇದೆಯೇ ಎಂದು ಕಚೇರಿಯಲ್ಲಿ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ. ಮಗು ಇನ್ನೂ ಪಿಯುಸಿಯಲ್ಲಿದ್ದರೆ ಆ ದಿನ ಹೋಗಿ. ಇಷ್ಟವಾದ ಚಿತ್ರದ ಮುಂದೆ ನಿಂತು, ಎಲ್ಲಿ ಓದಿದಿರಿ, ಯಾರು ಕಲಿಸಿದರು ಎಂದು ಕಲಾವಿದರನ್ನೇ ಕೇಳಿ.

ಈ ಕಾಲೇಜುಗಳಲ್ಲಿ ಓದಿ ಬಂದ ಓದುಗರಲ್ಲೂ ಒಂದು ಕೋರಿಕೆ. ಸಿಂಧನೂರಿನಿಂದಲೋ ಹನೂರಿನಿಂದಲೋ ಕಾಲೇಜು ನೋಡಲು ಬರುವ ಮಕ್ಕಳಿಗೆ ನಗರದಲ್ಲಿ ಪರಿಚಯದವರು ಇರುವುದಿಲ್ಲ. ನಿಮ್ಮೂರಿನ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ನಿಮ್ಮ ಫೋನ್ ನಂಬರ್ ಕೊಟ್ಟಿಡಿ. ಮಕ್ಕಳು ಬಂದ ದಿನ ಒಂದು ಊಟ ಹಾಕಿಸಿ, ಜೊತೆಗೆ ಹೋಗಿ ಕಾಲೇಜು ತೋರಿಸಿ.