ಪುಣೆ ಹಿಗ್ಗಿತು, ರಸ್ತೆಗಳು ಕೂಡಲಿಲ್ಲ

2021ರ ಜೂನ್ ತಿಂಗಳಲ್ಲಿ 23 ಹಳ್ಳಿಗಳು ಸೇರ್ಪಡೆಯಾದಾಗ ಪುಣೆ ಮಹಾನಗರಪಾಲಿಕೆಯು ವಿಸ್ತೀರ್ಣದಲ್ಲಿ ಮುಂಬಯಿಯನ್ನೂ ಮೀರಿಸಿತು. 2017ರಲ್ಲಿಯೇ 11 ಹಳ್ಳಿಗಳು ಸೇರಿದ್ದವು. ನಗರ ಬೆಳೆಯಿತೆಂದು ನಾವೆಲ್ಲ ಹಿಗ್ಗಿದ್ದುಂಟು. ಆದರೆ ಬೆಳೆದ ಬಗೆ ಎಂತಹುದು?

ಕಸಬಾ, ಸದಾಶಿವ, ನಾರಾಯಣ ಪೇಠೆಗಳಲ್ಲಿ ಬಾಳಿದ ನಮ್ಮ ಹಿರಿಯರಿಗೆ ಅಲ್ಲಿನ ಓಣಿಗಳು, ಅಂದರೆ ‘ಬೋಳ’ಗಳು, ಚಿರಪರಿಚಿತ. ಅವು ಇಕ್ಕಟ್ಟಾದರೂ ಒಂದರಿಂದ ಇನ್ನೊಂದಕ್ಕೆ ದಾರಿಯುಂಟು. ಒಂದು ಕಡೆ ಮೆರವಣಿಗೆ ಬಂದರೆ ಮತ್ತೊಂದು ಕಡೆಯಿಂದ ನಡೆದು ಹೋಗಬಹುದು. ಅವರ ಮಕ್ಕಳು ಮನೆ ಕೊಂಡಿರುವ ವಾಘೋಲಿ, ವಾಕಡ್ ಕಡೆಯ ಚಿತ್ರವೇ ಬೇರೆ. ಹೊಲಗಳು ಒಂದೊಂದಾಗಿ ಮಾರಾಟವಾದಂತೆ ಸೊಸೈಟಿಗಳು ಎದ್ದವು. ಪ್ರತಿಯೊಂದಕ್ಕೂ ಸ್ವಂತ ಕಾಂಪೌಂಡು, ಒಂದೇ ಗೇಟು. ಒಳರಸ್ತೆಯು ಪಕ್ಕದ ಬಡಾವಣೆಯ ಗೋಡೆಗೆ ಮುಟ್ಟಿ ನಿಲ್ಲುತ್ತದೆ, ಇಲ್ಲವೇ ಹಳ್ಳದ ದಡದಲ್ಲಿ ಕೊನೆಗೊಳ್ಳುತ್ತದೆ. ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲಿ ಕೂಡುರಸ್ತೆ ಇದ್ದರೂ ಭೂಸ್ವಾಧೀನವಾಗದೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ಹೀಗಾಗಿ ಹಾಲು ತರುವವನೂ ಹಿಂಜವಡಿಯ ಕಂಪನಿಗೆ ಹೊರಟವನೂ ಅದೇ ಒಂದು ಹೆದ್ದಾರಿಗೆ ಇಳಿಯಬೇಕು. ಕೂಗಳತೆಯಲ್ಲಿರುವ ಶಾಲೆಗೂ ಬಸ್ಸು ಬೇಕು. ಕಾರು ನಡೆಸಲಾರದ ಅಜ್ಜ-ಅಜ್ಜಿಯರಂತೂ ಗೇಟಿನೊಳಗೇ ಉಳಿಯುತ್ತಾರೆ. ನಮ್ಮ ಸಮಾರಂಭಗಳಿಗೆ ಹಿರಿಯರು ಬರುವುದು ಕಡಿಮೆಯಾಗಿದೆಯೆಂದು ಕೊರಗುವವರು ಈ ಕಾರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದು ಪುಣೆಯೊಂದರ ಪಾಡಲ್ಲ. ಬ್ಯಾರಿಂಗ್ಟನ್-ಲೀ ಮತ್ತು ಮಿಲ್ಲರ್ಡ್-ಬಾಲ್ ಎಂಬ ವಿದ್ವಾಂಸರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಗತ್ತಿನ ರಸ್ತೆ ನಕ್ಷೆಗಳನ್ನು ಪರಿಶೀಲಿಸಿ, 1975ರಿಂದೀಚೆಗೆ ಅನೇಕ ದೇಶಗಳ ಹೊಸ ಬೀದಿಗಳು ಪರಸ್ಪರ ಕೂಡುವುದು ಕಡಿಮೆಯಾಗಿದೆಯೆಂದು ತೋರಿಸಿದ್ದಾರೆ. ಕಟ್ಟಡವನ್ನು ಕೆಡವಿ ಮತ್ತೆ ಕಟ್ಟಬಹುದು. ಒಮ್ಮೆ ಬಿದ್ದ ಬೀದಿಯ ಗೆರೆ ತಲೆಮಾರುಗಳವರೆಗೆ ಅಳಿಯದು.

ಪರಿಹಾರ ಹೊಸದೇನಲ್ಲ. 1915ರ ಮುಂಬಯಿ ನಗರ ಯೋಜನಾ ಕಾಯ್ದೆಯೇ ಅದಕ್ಕೆ ದಾರಿ ಮಾಡಿತ್ತು: ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ಮೊದಲು ರಸ್ತೆಗಳಿಗೆ ಜಾಗ ತೆಗೆದು, ಉಳಿದುದನ್ನು ಒಡೆಯರಿಗೆ ಮರಳಿ ಹಂಚುವ ಪದ್ಧತಿ. ಅಹಮದಾಬಾದು ಇದನ್ನು ಬಿಡದೆ ನಡೆಸಿಕೊಂಡು ಬಂದಿತು. ಪುಣೆಯ ಹೊರವಲಯದಲ್ಲಿಯೂ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಮ್ಹಾಳುಂಗೆಯಂತಹ ಕಡೆ ಇದನ್ನು ಕೈಗೆತ್ತಿಕೊಂಡಿದೆ. ಆದರೆ ಕಟ್ಟಿ ಮುಗಿದ ಕಡೆಗಳಲ್ಲಿ ಅಡ್ಡಿ ಸರಕಾರದ್ದಷ್ಟೇ ಅಲ್ಲ. ಪಕ್ಕದ ಸೊಸೈಟಿಯ ಕಡೆಗೆ ನಡೆದಾಡಲು ಒಂದು ಕಿರುಬಾಗಿಲು ತೆರೆಯೋಣವೆಂದರೆ, ಸುರಕ್ಷತೆಯ ಹೆಸರಿನಲ್ಲಿ ಸಭೆಯಲ್ಲಿ ಮೊದಲು ಕೈ ಎತ್ತಿ ವಿರೋಧಿಸುವವರು ಹೆಚ್ಚಾಗಿ ನಾವೇ.